ಹಳೆಯ ಬೈಕಿನ ಸೆಲ್ಫ್ ಮೋಟಾರಿಗೆ ದುರಸ್ತಿ ಕಿಟ್: ಬ್ರಷ್‌ಗಳಿಗಿಂತ ವಾಷರ್‌ಗಳೇ ಹೆಚ್ಚು ಬೆಲೆಯುಳ್ಳವು

ಹಳೆಯ ಮೋಟಾರ್‌ಸೈಕಲ್‌ಗಳ ಸ್ಟಾರ್ಟರ್ ಮೋಟಾರನ್ನು ಬಿಚ್ಚಿ ಸರಿಪಡಿಸಿಕೊಳ್ಳುವವರಿಗಾಗಿ ಮಾರಾಟಕ್ಕಿರುವ ದುರಸ್ತಿ ಕಿಟ್‌ಗಳಲ್ಲಿ ಒಂದನ್ನು ಈಚೆಗೆ ತರಿಸಿ ಬಳಸಿದೆ. ಬೈಕು ಕಾರ್ಬ್ಯುರೇಟರ್ ಕಾಲದ್ದು, ನಾಲ್ಕು ಸಿಲಿಂಡರಿನದು, ಕಿಕ್ಕರ್ ಇಲ್ಲದ್ದು. ಮೋಟಾರು ಶಾಶ್ವತ ಕಾಂತಗಳಿರುವ, ನಾಲ್ಕು ಬ್ರಷ್‌ಗಳ (ತಿರುಗುವ ಭಾಗಕ್ಕೆ ಒತ್ತಿ ನಿಂತು ವಿದ್ಯುತ್ ಮುಟ್ಟಿಸುವ ತುಂಡುಗಳ) ಮಾದರಿಯದು. ಕಿಟ್ ಬೈಕಿನ ಮೂಲ ಕಂಪನಿಯದಲ್ಲ, ಬಿಡಿಭಾಗಗಳನ್ನಷ್ಟೇ ಮಾಡುವ ಬೇರೊಬ್ಬ ತಯಾರಕರದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇದು ಕೊಳ್ಳಲು ಯೋಗ್ಯವಾದ ವಸ್ತು. ಆದರೆ ಪೊಟ್ಟಣದ ಮೇಲೆ ದೊಡ್ಡದಾಗಿ ಚಿತ್ರ ಹಾಕಿರುವ ಕಾರ್ಬನ್ ಬ್ರಷ್‌ಗಳಿಗಾಗಿ ಅಲ್ಲ. ಅದರೊಳಗೆ ಒಂದು ಮೂಲೆಯಲ್ಲಿ ಸಣ್ಣ ಚೀಲದಲ್ಲಿ ಕಟ್ಟಿಟ್ಟಿರುವ ಫೈಬರ್ ವಾಷರ್‌ಗಳು, ರಬ್ಬರ್ ಉಂಗುರಗಳು ಮತ್ತು ಆಯಿಲ್ ಸೀಲ್‌ಗಾಗಿ.

ಕಿಕ್ಕರ್ ಇಲ್ಲದ ಬೈಕು ಎಂದು ಒತ್ತಿ ಹೇಳಲು ಕಾರಣವಿದೆ. 1969ರ ಹೋಂಡಾ ಸಿಬಿ750ರಲ್ಲಿ ಸೆಲ್ಫ್ ಇತ್ತು, ಜೊತೆಗೆ ಕಿಕ್ಕರ್ ಕೂಡ ಇತ್ತು. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತಿತ್ತು. ಮುಂದೆ ದೊಡ್ಡ ಎಂಜಿನ್‌ಗಳಿಂದ ಕಿಕ್ಕರ್ ಮರೆಯಾಯಿತು, ಬೈಕನ್ನು ಎಬ್ಬಿಸುವ ಪೂರ್ತಿ ಹೊಣೆ ಎಂಜಿನ್ನಿನ ಬೆನ್ನಿಗೋ ಹೊಟ್ಟೆಗೋ ಅಂಟಿಕೊಂಡಿರುವ ಈ ಒಂದು ಮೋಟಾರಿನ ಮೇಲೆ ಬಿತ್ತು. ಎಂಜಿನ್ನಿನ ಕಾವು, ಸರಪಳಿಯ ಎಣ್ಣೆ, ಮಳೆಯ ನೀರು, ರಸ್ತೆಯ ದೂಳು ಎಲ್ಲವನ್ನೂ ಸಹಿಸುತ್ತ ಅದು ಇಪ್ಪತ್ತು ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ದುಡಿಯುತ್ತದೆ. ಎಂಜಿನ್ ಆಯಿಲ್ ಬದಲಿಸಲು ಒಂದು ದಿನ ತಡವಾದರೆ ಚಡಪಡಿಸುವವರು ಕೂಡ ಸ್ಟಾರ್ಟರ್ ಮೋಟಾರಿನ ಮುಚ್ಚಳವನ್ನು ಒಮ್ಮೆಯೂ ತೆರೆದಿರುವುದಿಲ್ಲ. ಅದು ಕೆಟ್ಟು ನಿಂತ ಮೇಲೆ ಬಿಚ್ಚುವುದಕ್ಕಿಂತ, ಬಳಲುತ್ತಿದೆ ಎಂಬ ಸೂಚನೆ ಸಿಕ್ಕಾಗಲೇ ಬಿಚ್ಚುವುದು ಅಗ್ಗ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಾಗೆಂದು ಸೆಲ್ಫ್ ನಿಧಾನವಾಗಿ ತಿರುಗಿತು ಎಂದ ಕೂಡಲೇ ಕಿಟ್ ತರಿಸಬಾರದು. ತಪ್ಪು ಮೋಟಾರಿನದೇ ಎಂದು ಖಚಿತಪಡಿಸಿಕೊಳ್ಳಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಪೂರ್ತಿ ಚಾರ್ಜ್ ಆಗಿ ಕೆಲ ಹೊತ್ತು ವಿರಮಿಸಿದ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಒತ್ತಿ ಹಿಡಿದಾಗ ಅದು ಸುಮಾರು 9.6 ವೋಲ್ಟಿಗಿಂತ ಕೆಳಗೆ ಕುಸಿಯಬಾರದು. ಕುಸಿದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಒಳ್ಳೆಯದೆಂದು ಗೊತ್ತಿರುವ ಬ್ಯಾಟರಿಯನ್ನು ಜೋಡಿಸಿದರೂ ಹಾಗೆಯೇ ಕುಸಿದರೆ ಮೋಟಾರು ಅಗತ್ಯಕ್ಕಿಂತ ಹೆಚ್ಚು ಪ್ರವಾಹ ಎಳೆಯುತ್ತಿದೆ, ಅಂದರೆ ಒಳಗೆ ಎಲ್ಲೋ ಶಾರ್ಟ್ ಇದೆ ಅಥವಾ ಬೇರಿಂಗ್ ಬಿಗಿದುಕೊಂಡಿದೆ, ಇಲ್ಲವೇ ಎಂಜಿನ್ನೇ ತಿರುಗಲು ಒಲ್ಲದಾಗಿದೆ ಎಂದು ಅರ್ಥ. ಇದಕ್ಕೆ ವಿರುದ್ಧವಾಗಿ, ರಿಲೇ (ಸೆಲ್ಫ್ ಗುಂಡಿ ಒತ್ತಿದಾಗ ಮೋಟಾರಿಗೆ ಪ್ರವಾಹ ಬಿಡುವ ಸ್ವಿಚ್ಚು) ಟಕ್ಕೆಂದರೂ ಬ್ಯಾಟರಿಯ ವೋಲ್ಟೇಜ್ ಅಲ್ಲಾಡದೆ ನಿಂತಿದ್ದರೆ ಪ್ರವಾಹವೇ ಹರಿಯುತ್ತಿಲ್ಲ; ರಿಲೇಯ ಒಳಗಿನ ಸಂಪರ್ಕಗಳು ಸುಟ್ಟಿರಬೇಕು, ಇಲ್ಲವೇ ಬ್ರಷ್‌ಗಳು ಸವೆದು ಕಮ್ಯುಟೇಟರನ್ನು, ಅಂದರೆ ತಿರುಗುವ ಭಾಗದ ತುದಿಯಲ್ಲಿರುವ ತಾಮ್ರಪಟ್ಟಿಗಳ ಉರುಳೆಯನ್ನು, ಮುಟ್ಟುತ್ತಿಲ್ಲ.

ಇವೆರಡರ ನಡುವಿನ ಸ್ಥಿತಿಯೇ ಹೆಚ್ಚು ಜನರನ್ನು ಕಾಡುವುದು: ಬ್ಯಾಟರಿ ಚೆನ್ನಾಗಿದೆ, ಮೋಟಾರು ತಿರುಗುತ್ತದೆ, ಆದರೆ ತಿಣುಕುತ್ತ ತಿರುಗುತ್ತದೆ. ಆಗ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಧನ ತುದಿಗೂ ಇನ್ನೊಂದನ್ನು ಮೋಟಾರಿಗೆ ಕೇಬಲ್ ಸೇರುವ ಟರ್ಮಿನಲ್ ಬೋಲ್ಟಿಗೂ ಹಿಡಿದು ಸೆಲ್ಫ್ ಒತ್ತಬೇಕು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಕೇಬಲ್, ರಿಲೇ ಅಥವಾ ಜೋಡಣೆಯ ಕಣ್ಣುಗಳಲ್ಲಿ ವೋಲ್ಟೇಜ್ ಪೋಲಾಗುತ್ತಿದೆ. ಬ್ಯಾಟರಿಯ ಋಣ ತುದಿ ಮತ್ತು ಮೋಟಾರಿನ ಮೈ, ಇವೆರಡರ ನಡುವೆಯೂ ಇದನ್ನೇ ಮಾಡಬೇಕು. ಸ್ಟಾರ್ಟರ್ ಮೋಟಾರಿನ ಲೆಕ್ಕಾಚಾರದಲ್ಲಿ ಓಮಿನ ನೂರನೇ ಒಂದು ಭಾಗವೂ ದೊಡ್ಡದು. ನೂರು ಆಂಪಿಯರ್ ಹರಿಯುವ ದಾರಿಯಲ್ಲಿ 0.02 ಓಮಿನ ಅಡ್ಡಿ ಇದ್ದರೆ ಅಲ್ಲೇ ಎರಡು ವೋಲ್ಟ್ ಕಳೆದುಹೋಗುತ್ತದೆ, ಇನ್ನೂರು ವಾಟ್ ಶಾಖವಾಗಿ ಸೋರಿಹೋಗುತ್ತದೆ. ಅಷ್ಟು ಕಡಿಮೆ ಓಮನ್ನು ಸಾಧಾರಣ ಮಲ್ಟಿಮೀಟರ್ ನೇರವಾಗಿ ಅಳೆಯಲಾರದು. ಪ್ರವಾಹ ಹರಿಯುವಾಗ ವೋಲ್ಟೇಜಿನ ಇಳಿತವನ್ನು ಅಳೆಯುವುದೇ ನಂಬಬಹುದಾದ ದಾರಿ. ಎಂಜಿನ್ ಬಿಸಿಯಾದ ಮೇಲೆ ಮಾತ್ರ ಸೆಲ್ಫ್ ಸೋಮಾರಿಯಾಗುವ ದೂರಿಗೂ ಇದರಲ್ಲೇ ಒಂದು ಕಾರಣವಿದೆ. ತಾಮ್ರದ ವಿದ್ಯುತ್ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ, ಆದ್ದರಿಂದ ಅರುವತ್ತು ಡಿಗ್ರಿ ಹೆಚ್ಚು ಬಿಸಿಯಾದ ವೈಂಡಿಂಗಿನ (ಮೋಟಾರಿನೊಳಗೆ ಸುತ್ತಿದ ತಾಮ್ರದ ತಂತಿಯ) ರೋಧ ಕಾಲು ಭಾಗದಷ್ಟು ಹೆಚ್ಚಿರುತ್ತದೆ. ಆರೋಗ್ಯವಂತ ಮೋಟಾರು ಇದನ್ನು ತಾಳಿಕೊಳ್ಳುತ್ತದೆ. ಈಗಾಗಲೇ ಬ್ರಷ್ ಸವೆದು ಕೇಬಲ್ ತುಕ್ಕು ಹಿಡಿದ ಮೋಟಾರಿಗೆ ಆ ಕಾಲು ಭಾಗವೇ ಕೊನೆಯ ಹೊರೆ.

ಮೋಟಾರು ಗಿರ್ರನೆ ತಿರುಗಿದರೂ ಎಂಜಿನ್ ಕದಲದಿದ್ದರೆ ಈ ಕಿಟ್‌ನಿಂದ ಏನೂ ಪ್ರಯೋಜನವಿಲ್ಲ. ಅದು ಮೋಟಾರಿನ ತಿರುಗುವಿಕೆಯನ್ನು ಎಂಜಿನ್ನಿಗೆ ದಾಟಿಸುವ, ಎಂಜಿನ್ನಿನೊಳಗಿನ ಸ್ಟಾರ್ಟರ್ ಕ್ಲಚ್ಚಿನ ದೋಷ.

ಇನ್ನು ಕಿಟ್ಟಿನ ವಿಚಾರ. ನಾಲ್ಕು ಬ್ರಷ್‌ಗಳು ಬಂದಿವೆ. ಅವುಗಳಲ್ಲಿ ಎರಡು ಟರ್ಮಿನಲ್ ಬೋಲ್ಟಿಗೆ ಸೇರಿಕೊಂಡೇ ಬರುವ ಧನ ಬ್ರಷ್‌ಗಳು, ಉಳಿದೆರಡು ಲೋಹದ ಬ್ರಷ್ ತಟ್ಟೆಗೆ ಬೆಸೆದಿರುವ ಅರ್ತ್ (ಋಣ ತುದಿಯ) ಬ್ರಷ್‌ಗಳು. ನಾಲ್ಕು ಸುರುಳಿ ಸ್ಪ್ರಿಂಗ್‌ಗಳು, ಮೋಟಾರಿನ ಎರಡು ಮುಚ್ಚಳಗಳಿಗೆ ಎರಡು ಓ-ರಿಂಗ್ (ರಬ್ಬರ್ ಉಂಗುರ), ಎಂಜಿನ್ನಿನ ಗೂಡಿನೊಳಗೆ ಕೂರುವ ಮೂತಿಗೆ ಒಂದು ಓ-ರಿಂಗ್, ಉದ್ದನೆಯ ಬೋಲ್ಟ್‌ಗಳಿಗೆ ಎರಡು ಪುಟ್ಟ ಓ-ರಿಂಗ್, ಗೇರ್ ಕಡೆಗೆ ಒಂದು ಆಯಿಲ್ ಸೀಲ್, ಟರ್ಮಿನಲ್ ಬೋಲ್ಟಿಗೆ ಫೈಬರ್ ವಾಷರ್‌ಗಳ ಒಂದು ಕಟ್ಟು, ಮತ್ತು ಆರ್ಮೇಚರಿನ (ಮೋಟಾರಿನೊಳಗೆ ತಿರುಗುವ, ವೈಂಡಿಂಗ್ ಇರುವ ಭಾಗದ) ಎರಡು ತುದಿಗಳಿಗೆ, ಸಂದು ತುಂಬುವ ತೆಳುವಾದ ಶಿಮ್ ವಾಷರ್‌ಗಳು ಇವೆ.

ಬ್ರಷ್‌ಗಳ ಗುಣಮಟ್ಟ ಸಮಾಧಾನಕರ. ಸ್ಟಾರ್ಟರ್ ಮೋಟಾರಿನ ಬ್ರಷ್ ಬರೀ ಕಾರ್ಬನ್ ಆಗಿರಬಾರದು. ಕಡಿಮೆ ವೋಲ್ಟೇಜಿನಲ್ಲಿ ಭಾರಿ ಪ್ರವಾಹ ಸಾಗಿಸಬೇಕಾದ್ದರಿಂದ ಗ್ರಾಫೈಟಿನ ಜೊತೆ ಧಾರಾಳವಾಗಿ ತಾಮ್ರ ಬೆರೆತಿರಬೇಕು. ಇವುಗಳ ಒಂದು ಮೂಲೆಯನ್ನು ಉಪ್ಪುಕಾಗದದ ಮೇಲೆ ತುಸು ಉಜ್ಜಿ ನೋಡಿದಾಗ ತಾಮ್ರದ ಕೆಂಪು ಸ್ಪಷ್ಟವಾಗಿ ಕಾಣಿಸಿತು. ಅಗ್ಗದ ಬ್ರಷ್‌ಗಳು, ಮುಖ್ಯವಾಗಿ ಕೈಯಲ್ಲಿ ಹಿಡಿಯುವ ಡ್ರಿಲ್ ಯಂತ್ರದ ಬ್ರಷ್‌ಗಳನ್ನೇ ಅಳತೆಗೆ ಉಜ್ಜಿ ಕೂರಿಸುವ ಅಡ್ಡದಾರಿ, ಸೋಲುವುದು ಇಲ್ಲಿಯೇ: ಅವು ಕಪ್ಪಗೆ, ಹಗುರವಾಗಿ ಇರುತ್ತವೆ, ಮೋಟಾರು ತಿರುಗುತ್ತದಾದರೂ ಬಲ ಬರುವುದಿಲ್ಲ. ಹೆಣೆದ ತಾಮ್ರದ ತಂತಿ ಬ್ರಷ್ಷಿನೊಳಗೆ ಗಟ್ಟಿಯಾಗಿ ಕೂತಿದೆ, ಎಳೆದರೆ ಅಲುಗುವುದಿಲ್ಲ. ಬ್ರಷ್‌ಗಳ ತುದಿಗೆ ಕಮ್ಯುಟೇಟರಿನ ಬಾಗಿಗೆ ಹೊಂದುವಂತೆ ಮೊದಲೇ ಹಳ್ಳ ಕೊಟ್ಟಿರುವುದು ಮೆಚ್ಚುವ ವಿಷಯ. ಸ್ಪ್ರಿಂಗ್‌ಗಳು ಹಳೆಯವುಗಳಿಗಿಂತ ಎದ್ದು ಕಾಣುವಷ್ಟು ಬಿರುಸಾಗಿವೆ. ಕಾವಿಗೆ ಸಡಿಲಗೊಂಡ ಹಳೆಯ ಸ್ಪ್ರಿಂಗ್‌ಗಳ ಮೇಲೆ ಹೊಸ ಬ್ರಷ್ ಕೂರಿಸುವುದರಲ್ಲಿ ಅರ್ಥವಿಲ್ಲವಾದ್ದರಿಂದ ಸ್ಪ್ರಿಂಗ್ ಇಲ್ಲದ ಕಿಟ್ಟನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಆದರೆ ಬ್ರಷ್ ಬೇರೆ ಕಡೆಯೂ ಸಿಗುತ್ತದೆ. ಬಿಡಿಯಾಗಿ ಸುಲಭಕ್ಕೆ ಸಿಗದಿರುವುದು ಟರ್ಮಿನಲ್ ಬೋಲ್ಟಿನ ಆ ವಾಷರ್‌ಗಳ ಕಟ್ಟು. ಬ್ಯಾಟರಿಯ ಪೂರ್ತಿ ಪ್ರವಾಹವನ್ನು ಹೊತ್ತು ತರುವ ಬೋಲ್ಟು ಮೋಟಾರಿನ ಲೋಹದ ಮೈಯಲ್ಲಿರುವ ತೂತಿನ ಮೂಲಕವೇ ಒಳಹೋಗಬೇಕು, ಆದರೆ ಆ ಮೈ ಅರ್ತ್. ಇವೆರಡರ ನಡುವೆ ಇರುವುದು ಒಳಗಿನ ಒಂದು ಪ್ಲಾಸ್ಟಿಕ್ ಬುಷ್, ಒಂದು ರಬ್ಬರ್ ಉಂಗುರ, ಹೊರಗೆ ಎರಡು ಮೂರು ಫೈಬರ್ ವಾಷರ್, ಅಷ್ಟೇ. ಬಹುತೇಕ ಬೈಕುಗಳಲ್ಲಿ ಈ ದಪ್ಪ ಕೇಬಲ್ಲಿನ ದಾರಿಯಲ್ಲಿ ಫ್ಯೂಸ್ ಇರುವುದೇ ಇಲ್ಲ. ಹಳೆಯ ಮೋಟಾರಿನಲ್ಲಿ ಆ ರಬ್ಬರ್ ಉಂಗುರ ಕಲ್ಲಿನಂತಾಗಿ ಚೂರಾಗಿತ್ತು, ಒಂದು ವಾಷರ್ ಸೀಳಿತ್ತು, ನೀರು ಒಳನುಗ್ಗಿ ಬುಷ್ಷಿನ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಇಂಥ ಸ್ಥಿತಿಯಲ್ಲಿ ಹೊಸ ಬ್ರಷ್ ಹಾಕಿ ಹಳೆಯ ವಾಷರ್‌ಗಳನ್ನೇ ಮರಳಿ ಕೂರಿಸಿದರೆ ಕೆಲಸ ಅರ್ಧದಷ್ಟೂ ಆದಂತಲ್ಲ. ಕಿಟ್ಟಿನ ವಾಷರ್‌ಗಳು ದಪ್ಪನಾದ ಒಳ್ಳೆಯ ಫೈಬರಿನವು, ಮೂಲದವುಗಳ ಒಳ ಹೊರ ವ್ಯಾಸಕ್ಕೆ ಸರಿಯಾಗಿ ಹೊಂದಿದವು. ಇವನ್ನು ಕೂರಿಸುವ ಕ್ರಮ ತಪ್ಪಿದರೆ ಬೋಲ್ಟು ಮೈಗೆ ತಾಗುತ್ತದೆ. ಬಿಚ್ಚುವಾಗಲೇ ಪ್ರತಿ ಪದರದ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಕಿಟ್ಟಿನೊಳಗೆ ಸೂಚನಾ ಪತ್ರವೇ ಇಲ್ಲ ಎಂಬುದು ನನ್ನ ಮೊದಲ ಮತ್ತು ಗಂಭೀರವಾದ ಆಕ್ಷೇಪ. ವಾಷರ್‌ಗಳ ಕ್ರಮವನ್ನು ತೋರಿಸುವ ಅಂಗೈಯಗಲದ ಒಂದು ರೇಖಾಚಿತ್ರವನ್ನಾದರೂ ತಯಾರಕರು ಸೇರಿಸಬೇಕಿತ್ತು.

ಗೇರ್ ಕಡೆಯ ಆಯಿಲ್ ಸೀಲ್ ಕೂಡ ಇಷ್ಟೇ ಮಹತ್ವದ್ದು. ಅದು ಸೋತರೆ ಎಂಜಿನ್ ಆಯಿಲ್ ಮೋಟಾರಿನೊಳಗೆ ಜಿನುಗಿ, ಬ್ರಷ್ ಸವೆದ ಪುಡಿಯ ಜೊತೆ ಕಲಸಿಕೊಂಡು, ವಿದ್ಯುತ್ತನ್ನು ಹರಿಯಗೊಡುವ ಕಪ್ಪು ಲೇಪವಾಗಿ ಬ್ರಷ್ ತಟ್ಟೆಯ ತುಂಬ ಮೆತ್ತಿಕೊಳ್ಳುತ್ತದೆ. ಬ್ರಷ್‌ಗಳು ತಮ್ಮ ಗೂಡಿನಲ್ಲಿ ಅಂಟಿ ನಿಲ್ಲುತ್ತವೆ, ಧನ ಬ್ರಷ್ಷಿನಿಂದ ತಟ್ಟೆಗೆ ಪ್ರವಾಹ ಸೋರುತ್ತದೆ. ಬಂದಿರುವ ಸೀಲಿನ ತುಟಿ ಮೃದುವಾಗಿದೆ, ಹಿಡಿತ ಚೆನ್ನಾಗಿದೆ. ಮುಚ್ಚಳಗಳ ಓ-ರಿಂಗ್‌ಗಳು ಮಾತ್ರ ಮೂಲದವುಗಳಿಗಿಂತ ಒಂದು ಎಳೆ ದಪ್ಪ. ಗ್ರೀಸ್ ಸವರಿ, ತಿರುಚದಂತೆ ನಿಧಾನವಾಗಿ ಒತ್ತಿ ಕೂರಿಸಿದರೆ ಕೂರುತ್ತವೆ, ಅವಸರಪಟ್ಟರೆ ಅಂಚಿನಲ್ಲಿ ಸಿಕ್ಕಿ ಕತ್ತರಿಸಿಹೋಗುತ್ತವೆ. ಶಿಮ್‌ಗಳು ಒಂದೇ ದಪ್ಪದವು ಬಂದಿವೆ. ಮೂಲದಲ್ಲಿ ಎರಡು ದಪ್ಪದವು ಇದ್ದುದರಿಂದ, ಸವೆಯದಿದ್ದ ಹಳೆಯ ಶಿಮ್‌ಗಳನ್ನೇ ಅದೇ ಕ್ರಮದಲ್ಲಿ ಮರಳಿ ಹಾಕುವುದು ಮೇಲೆನಿಸಿತು. ಬೇರಿಂಗ್ ಕಿಟ್ಟಿನಲ್ಲಿ ಇಲ್ಲ. ಹಳೆಯದರ ಹೊರ ಉಂಗುರದ ಮೇಲೆ ಕೊರೆದಿರುವ ಸಂಖ್ಯೆಯನ್ನು ನೋಡಿ, ಎರಡೂ ಬದಿಗೆ ರಬ್ಬರ್ ಮುಚ್ಚಳವಿರುವುದನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ.

ಕಿಟ್ ಎಷ್ಟೇ ಚೆನ್ನಾಗಿದ್ದರೂ ಅದರ ಫಲ ನಿಂತಿರುವುದು ಆರ್ಮೇಚರಿನ ಮೇಲೆ. ಆದ್ದರಿಂದ ಹಣ ಕೊಡುವ ಮೊದಲು ಮೋಟಾರನ್ನು ಕಳಚಿ ಒಳಗೆ ನೋಡುವುದೇ ಸರಿಯಾದ ಕ್ರಮ. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಡಿಸಬೇಕು. ಟರ್ಮಿನಲ್ ನಟ್ಟನ್ನು ಸಡಿಲಿಸುವಾಗ ಬೋಲ್ಟು ತಾನೂ ತಿರುಗದಂತೆ ಒಳಗಿನ ನಟ್ಟನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿಯಬೇಕು, ಇಲ್ಲದಿದ್ದರೆ ಒಳಗಿನ ಬುಷ್ ಸೀಳುತ್ತದೆ. ಮುಚ್ಚಳಗಳು ಮತ್ತು ನಡುವಿನ ಸಿಲಿಂಡರ್ ಸೇರುವೆಡೆ ಗುರುತು ಹಾಕಿಕೊಳ್ಳುವುದನ್ನು ಮರೆಯಬಾರದು. ಶಾಶ್ವತ ಕಾಂತದ ಮೋಟಾರಿನಲ್ಲಿ ಕಾಂತಗಳ ಧ್ರುವಗಳಿಗೂ ಬ್ರಷ್‌ಗಳಿಗೂ ಇರುವ ಸ್ಥಾನ ಬದಲಾದರೆ ಮೋಟಾರು ಬಲಗುಂದುತ್ತದೆ, ಇಲ್ಲವೇ ಹಿಮ್ಮುಖವಾಗಿಯೇ ತಿರುಗುತ್ತದೆ. ಕಾಂತಗಳು ಸುಲಭವಾಗಿ ಒಡೆಯುವ ಫೆರೈಟಿನವು ಮತ್ತು ಹಲವು ಮೋಟಾರ್‌ಗಳಲ್ಲಿ ಬರೀ ಅಂಟಿನಿಂದ ನಿಂತಿರುವಂಥವು, ಆದ್ದರಿಂದ ನಡುವಿನ ಸಿಲಿಂಡರನ್ನು ಸುತ್ತಿಗೆಯಿಂದ ತಟ್ಟುವುದಾಗಲಿ ವೈಸಿನಲ್ಲಿ ಬಿಗಿಯುವುದಾಗಲಿ ಸಲ್ಲದು.

ಕಮ್ಯುಟೇಟರನ್ನು ಓದಲು ಕಲಿತರೆ ಮೋಟಾರಿನ ಚರಿತ್ರೆಯೇ ತಿಳಿಯುತ್ತದೆ. ಕಂದು ಬಣ್ಣದ ನುಣುಪಾದ ಹೊಳಪು ಆರೋಗ್ಯದ ಲಕ್ಷಣ. ಅದನ್ನು ಬೆಳ್ಳಗೆ ಹೊಳೆಯುವಂತೆ ಉಜ್ಜುವ ಅಗತ್ಯವಿಲ್ಲ. ಸುತ್ತಲೂ ಕಪ್ಪಾಗಿದ್ದರೆ ಬ್ರಷ್‌ಗಳು ಸರಿಯಾಗಿ ಒತ್ತುತ್ತಿರಲಿಲ್ಲ ಎಂದರ್ಥ. ಉಳಿದವೆಲ್ಲ ಚೆನ್ನಾಗಿದ್ದು ಅಕ್ಕಪಕ್ಕದ ಎರಡು ತಾಮ್ರಪಟ್ಟಿಗಳು ಮಾತ್ರ ಸುಟ್ಟಿದ್ದರೆ ಅವುಗಳಿಗೆ ಸೇರಿದ ವೈಂಡಿಂಗ್ ಕಡಿದಿರುವ ಸಂಭವ ಹೆಚ್ಚು, ಮತ್ತು ಅಂಥ ಆರ್ಮೇಚರಿಗೆ ಯಾವ ಕಿಟ್ಟೂ ಮದ್ದಲ್ಲ. ಮಲ್ಟಿಮೀಟರಿನಿಂದ ಪ್ರತಿ ಪಟ್ಟಿಗೂ ಮುಂದಿನದಕ್ಕೂ ಸಂಪರ್ಕ ಇದೆಯೇ ಎಂದು ಸುತ್ತಲೂ ನೋಡಬೇಕು, ಇರಬೇಕು. ಯಾವುದೇ ಪಟ್ಟಿಗೂ ಆರ್ಮೇಚರಿನ ಶಾಫ್ಟಿಗೂ ಸಂಪರ್ಕ ಇರಲೇಬಾರದು. ಒಂದು ಸುತ್ತು ಇನ್ನೊಂದಕ್ಕೆ ತಾಗಿ ಆದ ಶಾರ್ಟ್ ಮಾತ್ರ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ವೈಂಡಿಂಗ್ ಮಾಡುವವರಲ್ಲಿರುವ ಗ್ರೌಲರ್ ಎಂಬ ಉಪಕರಣವೇ ಬೇಕು. ಟರ್ಮಿನಲ್ ಬೋಲ್ಟಿಗೂ ಮೈಗೂ ಸಂಪರ್ಕವಿಲ್ಲ ಎಂಬುದನ್ನು ಆರ್ಮೇಚರ್ ಹೊರಗಿದ್ದಾಗಲೇ ಪರೀಕ್ಷಿಸಬೇಕು. ಜೋಡಿಸಿದ ಮೋಟಾರಿನಲ್ಲಿ ಬ್ರಷ್ ಮತ್ತು ವೈಂಡಿಂಗಿನ ದಾರಿಯಾಗಿ ಸಂಪರ್ಕ ಇದ್ದೇ ಇರುತ್ತದೆ, ಅದನ್ನು ಶಾರ್ಟ್ ಎಂದು ಎಷ್ಟೋ ಜನ ಗಾಬರಿಪಡುತ್ತಾರೆ.

ತಾಮ್ರಪಟ್ಟಿಗಳ ನಡುವೆ ವಿದ್ಯುತ್ ಹರಿಯದಂತೆ ತಡೆಯುವ ಮೈಕಾವನ್ನು ಬಹಳ ಜನ ಅಲಕ್ಷಿಸುತ್ತಾರೆ. ತಾಮ್ರ ಮೈಕಾಗಿಂತ ಬೇಗ ಸವೆಯುತ್ತದೆ. ವರ್ಷಗಳು ಕಳೆದಂತೆ ಮೈಕಾ ತಾಮ್ರದ ಮಟ್ಟಕ್ಕೆ ಬಂದು, ಕೊನೆಗೆ ಅದಕ್ಕಿಂತ ಮೇಲೇಳುತ್ತದೆ. ಆಗ ಬ್ರಷ್ ಪ್ರತಿ ಪಟ್ಟಿಯ ಅಂಚಿನಲ್ಲೂ ಎಗರುತ್ತ ಕಿಡಿ ಹಾರಿಸುತ್ತದೆ, ಹೊಸ ಬ್ರಷ್ ಆದರೂ ಅಷ್ಟೇ. ಸನ್ನ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಮೈಕಾದ ಅಗಲಕ್ಕೆ ಅರೆದುಕೊಂಡು, ಪ್ರತಿ ಸಂದಿಯನ್ನೂ ಸುಮಾರು ಅರ್ಧ ಮಿಲಿಮೀಟರ್ ಆಳಕ್ಕೆ ಕೆರೆದು, ಅಂಚುಗಳ ಮೇಲೆದ್ದ ತಾಮ್ರವನ್ನು ಹಗುರವಾಗಿ ನಯಗೊಳಿಸಬೇಕು. ತಾಳ್ಮೆ ಬೇಡುವ ಕೆಲಸ, ಆದರೆ ಪೂರ್ತಿ ದುರಸ್ತಿಯಲ್ಲಿ ಇದಕ್ಕಿಂತ ಹೆಚ್ಚು ಪ್ರತಿಫಲ ಕೊಡುವ ಕೆಲಸ ಇನ್ನೊಂದಿಲ್ಲ ಎಂದು ನಂಬಿದ್ದೇನೆ. ಕಮ್ಯುಟೇಟರಿನ ಮೇಲ್ಮೈಗೆ ಸನ್ನ ಉಪ್ಪುಕಾಗದವೇ ಸಾಕು. ಎಮರಿ ಬಟ್ಟೆಯ ಗಡಸು ಕಣಗಳು ತಾಮ್ರದಲ್ಲಿ ಹೂತುಕೊಂಡು ಬ್ರಷ್‌ಗಳನ್ನು ಉಜ್ಜಿ ತಿನ್ನುತ್ತವೆ. ಆರ್ಮೇಚರನ್ನು ಪೆಟ್ರೋಲಿನಲ್ಲೋ ಡೀಸೆಲ್ಲಿನಲ್ಲೋ ನೆನೆಹಾಕುವ ಅಭ್ಯಾಸವೂ ಕೆಟ್ಟದ್ದು, ವೈಂಡಿಂಗಿನ ವಾರ್ನಿಷ್ ಹಾಳಾಗುತ್ತದೆ. ಒಣ ಬ್ರಷ್, ಗಾಳಿ, ಸಂಪರ್ಕಗಳನ್ನು ತೊಳೆಯುವ ಬೇಗ ಆರುವ ಸ್ಪ್ರೇ ಇವೇ ಸಾಕು.

ಜೋಡಿಸುವಾಗ ಕಷ್ಟವೆನಿಸುವುದು ಒಂದೇ ಘಟ್ಟ. ನಾಲ್ಕು ಬ್ರಷ್‌ಗಳನ್ನು ಸ್ಪ್ರಿಂಗಿನ ಒತ್ತಡಕ್ಕೆ ಎದುರಾಗಿ ಹಿಂದೆ ಹಿಡಿದು ನಡುವೆ ಕಮ್ಯುಟೇಟರನ್ನು ಇಳಿಸಬೇಕು. ಆರ್ಮೇಚರನ್ನು ಮೊದಲು ಬ್ರಷ್ ತಟ್ಟೆಯೊಳಗೆ ಕೂರಿಸಿ, ಆಮೇಲೆ ಕಾಂತಗಳ ಸಿಲಿಂಡರನ್ನು ಅದರ ಮೇಲೆ ಇಳಿಸುವುದು ಸುಲಭ. ಹಾಗೆ ಇಳಿಸುವಾಗ ಶಾಫ್ಟನ್ನು ಗಟ್ಟಿಯಾಗಿ ಹಿಡಿದಿರಬೇಕು, ಏಕೆಂದರೆ ಕಾಂತಗಳು ಆರ್ಮೇಚರನ್ನು ಒಮ್ಮೆಲೇ ಸೆಳೆದು ಬ್ರಷ್‌ಗಳಿಂದ ಕಿತ್ತುಕೊಳ್ಳುತ್ತವೆ, ಶಿಮ್‌ಗಳು ಜಾಗ ತಪ್ಪುತ್ತವೆ. ಸೀಲಿನ ತುಟಿಗೂ ಹಿಂಬದಿಯ ಬುಷ್ಷಿಗೂ ಚಿಟಿಕೆಯಷ್ಟು ಗ್ರೀಸ್ ಸಾಕು. ಹೊರಮೈಗೆ ಬಣ್ಣ ಹೊಡೆಯುವವರು ಎಂಜಿನ್ನಿಗೆ ತಾಗುವ ಜಾಗಗಳನ್ನೂ ಬೋಲ್ಟಿನ ಕಿವಿಗಳನ್ನೂ ಬರಿಯ ಲೋಹವಾಗಿಯೇ ಬಿಡಬೇಕು. ಮೋಟಾರಿನ ಅರ್ತ್ ಹಾದುಹೋಗುವುದು ಅಲ್ಲಿಂದಲೇ; ಚೆಂದದ ಬಣ್ಣದ ಪದರವೊಂದು ಇಷ್ಟೆಲ್ಲ ಶ್ರಮವನ್ನು ನುಂಗಿಹಾಕಬಲ್ಲದು.

ಬೈಕಿಗೆ ಕೂರಿಸುವ ಮುನ್ನ ಮೇಜಿನ ಮೇಲೆ ಒಮ್ಮೆ ಓಡಿಸಿ ನೋಡಬೇಕು. ಆರಂಭದ ಎಳೆತಕ್ಕೆ ಮೋಟಾರು ಕೈಯಿಂದ ಹಾರುವಷ್ಟು ಬಲವಾಗಿ ತಿರುಚಿಕೊಳ್ಳುವುದರಿಂದ ಅದರ ಕಿವಿಗಳನ್ನು ಭದ್ರವಾಗಿ ಹಿಡಿಸಿ, ಕೆಲವೇ ಸೆಕೆಂಡುಗಳ ಕಾಲ ಮಾತ್ರ ಓಡಿಸಬೇಕು. ಕಿಟ್ ಹಾಕಿದ ಮೋಟಾರು ಒಂದೇ ಸಮನೆ, ಕರಕರ ಸದ್ದಿಲ್ಲದೆ ತಿರುಗಿತು. ಬೈಕಿನಲ್ಲಿ ಕೂರಿಸಿದ ಮೇಲೆ, ಮೊದಲು ಸೆಲ್ಫ್ ಒತ್ತಿದಾಗ ಒಂಬತ್ತರ ಆಸುಪಾಸಿಗೆ ಇಳಿಯುತ್ತಿದ್ದ ಅದೇ ಬ್ಯಾಟರಿ ಈಗ ಹತ್ತು ವೋಲ್ಟಿಗಿಂತ ಮೇಲೆಯೇ ನಿಲ್ಲುತ್ತದೆ. ಬಿಸಿ ಎಂಜಿನ್ನನ್ನೂ ಮೋಟಾರು ತಡವರಿಸದೆ ತಿರುಗಿಸುತ್ತದೆ.

ಕಿಟ್ಟಿಗೆ ಬದಲಾಗಿ ಮಾರುಕಟ್ಟೆಯಲ್ಲಿ ಅಗ್ಗದ ಹೊಸ ಮೋಟಾರುಗಳೂ ಹಳೆಯ ಬೈಕುಗಳಿಂದ ಬಿಚ್ಚಿದ ಮೋಟಾರುಗಳೂ ಸಿಗುತ್ತವೆ. ಬಿಚ್ಚಿದ ಮೋಟಾರೆಂದರೆ ಇನ್ನೊಬ್ಬರ ಗಟ್ಟಿಯಾದ ರಬ್ಬರನ್ನೂ ಸವೆದ ಬ್ರಷ್ಷನ್ನೂ ಕೊಂಡಂತೆ. ಅದಕ್ಕೂ ಇದೇ ಕಿಟ್ ಬೇಕಾಗುತ್ತದೆ. ಆರ್ಮೇಚರ್ ಸುಟ್ಟಿರುವಾಗ ಮಾತ್ರ ಅದನ್ನು ಪರಿಗಣಿಸಬಹುದು. ಮೂಲ ಮೋಟಾರಿನ ವೈಂಡಿಂಗ್, ಕಾಂತ, ಮೈ ಎಲ್ಲ ಚೆನ್ನಾಗಿದ್ದಾಗ ಅದನ್ನು ಎಸೆದು, ಒಳಗೇನಿದೆಯೆಂದು ತಿಳಿಯದ ಹೊಸದನ್ನು ಹಾಕುವುದು ನನಗೆ ಒಪ್ಪುವ ಮಾತಲ್ಲ.

ಕೊಳ್ಳುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಒಂದೇ ಹೆಸರಿನ ಬೈಕಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಮೋಟಾರು ಬಂದಿರುವುದುಂಟು: ಕೆಲವಕ್ಕೆ ಎರಡು ಬ್ರಷ್, ಕೆಲವಕ್ಕೆ ನಾಲ್ಕು, ಕೆಲವದರಲ್ಲಿ ಕಾಂತಗಳ ಬದಲು ಫೀಲ್ಡ್ ಕಾಯಿಲ್ (ವಿದ್ಯುತ್ ಹರಿದಾಗ ಕಾಂತವಾಗುವ ತಂತಿಯ ಸುರುಳಿ). ಬೈಕಿನ ಹೆಸರು ನೋಡಿ ತರಿಸುವುದಕ್ಕಿಂತ ಮೋಟಾರನ್ನು ಬಿಚ್ಚಿ, ಬ್ರಷ್ಷಿನ ಅಗಲ, ದಪ್ಪ, ಟರ್ಮಿನಲ್ ಬೋಲ್ಟಿನ ವ್ಯಾಸ ಮತ್ತು ಬ್ರಷ್ ತಟ್ಟೆಯ ಅಂಚಿನಲ್ಲಿರುವ ಕಚ್ಚಿನ ಸ್ಥಾನ, ಇವನ್ನು ಮಾರುವವರು ಹಾಕಿರುವ ಚಿತ್ರ ಮತ್ತು ಅಳತೆಗಳೊಂದಿಗೆ ಹೋಲಿಸಿಯೇ ತರಿಸಬೇಕು. ಬ್ರಷ್ ಉದ್ದದ ಕನಿಷ್ಠ ಮಿತಿಯನ್ನು ಬೈಕಿನ ಸರ್ವಿಸ್ ಕೈಪಿಡಿ ಕೊಟ್ಟಿರುತ್ತದೆ. ಹಳೆಯ ಬ್ರಷ್ ಆ ಮಿತಿಗಿಂತ ಸಾಕಷ್ಟು ಉದ್ದವಿದ್ದು ಕಮ್ಯುಟೇಟರೂ ಶುಭ್ರವಾಗಿದ್ದರೆ, ಇದೇ ತಯಾರಕರು ಸೀಲು, ಓ-ರಿಂಗ್ ಮತ್ತು ಟರ್ಮಿನಲ್ ವಾಷರ್‌ಗಳನ್ನಷ್ಟೇ ಸೇರಿಸಿ ಮಾರುವ ಸಣ್ಣ ಪೊಟ್ಟಣವೂ ಇದೆ, ಅಂಥವರಿಗೆ ಅದು ಸಾಕು.